ಇರಾಕಿ ದಿನಾರಿನ ಮೇಲೆ ಕಟ್ಟಿದ ಆಸೆ

ಇರಾಕಿನ 25,000 ದಿನಾರ್ ನೋಟಿನ ಒಂದು ಬದಿಯಲ್ಲಿ ತೆನೆಯ ಕಟ್ಟು ಹಿಡಿದ ಕುರ್ದ್ ರೈತ ಮಹಿಳೆ ಇದ್ದಾಳೆ, ಇನ್ನೊಂದು ಬದಿಯಲ್ಲಿ ದೊರೆ ಹಮ್ಮುರಬಿ. ಅಧಿಕೃತ ದರದ ಪ್ರಕಾರ ಈ ನೋಟಿಗೆ ಸಿಗುವುದು ಸುಮಾರು 19 ಡಾಲರ್. ಅಮೆರಿಕದಲ್ಲಿ ಇದೇ ನೋಟಿನ ಕಟ್ಟುಗಳನ್ನು ಬೀರುವಿನಲ್ಲಿಟ್ಟು ಕಾಯುತ್ತಿರುವ ದೊಡ್ಡ ಸಮುದಾಯವಿದೆ. ಅವರ ಲೆಕ್ಕ ಬೇರೆ. ಇರಾಕ್ ಸರ್ಕಾರ ಒಂದು ದಿನ, ರಾತ್ರೋರಾತ್ರಿ, ದಿನಾರಿನ ಬೆಲೆಯನ್ನು ಹಿಂದಿನಂತೆ ಮೂರು ಡಾಲರ್ ದಾಟಿಸುತ್ತದೆ. ಆಗ ಈ ಒಂದು ನೋಟಿಗೆ 80,000 ಡಾಲರ್. ಆ ದಿನಕ್ಕೆ, ‘ರೀವ್ಯಾಲ್ಯುಯೇಶನ್’ (ಮೌಲ್ಯ ಏರಿಕೆ) ಪದವನ್ನು ಚುಟುಕಾಗಿಸಿ, ಅವರಿಟ್ಟ ಹೆಸರು ‘ಆರ್‌ವಿ’. ಆ ದಿನ ಯಾವಾಗ ಬರುತ್ತದೆಂದು ವಾರವಾರವೂ ಹೇಳುವವರನ್ನು ಅಲ್ಲಿ ‘ಗುರು’ಗಳೆಂದೇ ಕರೆಯುತ್ತಾರೆ.

ಇದನ್ನು ಬರೀ ಮೌಢ್ಯ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ನಂಬಿದವರಲ್ಲಿ ನಿವೃತ್ತ ನೌಕರರಿದ್ದಾರೆ, ಇರಾಕಿನಲ್ಲಿ ಸೇವೆ ಸಲ್ಲಿಸಿ ಬಂದ ಸೈನಿಕರಿದ್ದಾರೆ. ಅವರ ನಂಬಿಕೆಯ ಹಿಂದೆ ಒಂದು ವಾದವೂ ಇದೆ, ಆ ವಾದಕ್ಕೆ ಇತಿಹಾಸದ ಆಧಾರವಿದೆ ಎಂಬ ಭಾವನೆಯೂ ಇದೆ. ಆ ಆಧಾರಗಳನ್ನೇ ಒಂದೊಂದಾಗಿ ಪರಿಶೀಲಿಸಬೇಕು.

ಮೂರು ಡಾಲರಿನ ಮಾತು ಸುಳ್ಳಲ್ಲ. 1980ರ ದಶಕದಲ್ಲಿ ಒಂದು ಇರಾಕಿ ದಿನಾರಿನ ಅಧಿಕೃತ ಬೆಲೆ 3.2 ಡಾಲರ್ ಆಸುಪಾಸಿನಲ್ಲಿತ್ತು. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದ, ವಿಶ್ವಸಂಸ್ಥೆಯ ನಿರ್ಬಂಧಗಳು ಬಂದವು. ಅಲ್ಲಿಯವರೆಗೆ ಇರಾಕಿನ ನೋಟುಗಳು ಅಚ್ಚಾಗುತ್ತಿದ್ದುದು ಬ್ರಿಟನ್ನಿನ ಡಿ ಲಾ ರೂ ಮುದ್ರಣಾಲಯದಲ್ಲಿ. ಆ ದಾರಿ ಮುಚ್ಚಿದ ಮೇಲೆ ಬಾಗ್ದಾದ್ ಕಳಪೆ ಕಾಗದದಲ್ಲಿ ತಾನೇ ನೋಟು ಅಚ್ಚುಹಾಕತೊಡಗಿತು. ತೈಲ ಮಾರುವಂತಿಲ್ಲ, ಖರ್ಚು ನಿಲ್ಲುವಂತಿಲ್ಲ. ಹಾಗಾಗಿ ಅಚ್ಚುಯಂತ್ರವೇ ಖಜಾನೆಯಾಯಿತು. 1995ರ ಕೊನೆಯ ಹೊತ್ತಿಗೆ ಕಾಳಸಂತೆಯಲ್ಲಿ ಒಂದು ಡಾಲರಿಗೆ ಸುಮಾರು 3,000 ದಿನಾರ್ ಕೊಡಬೇಕಾಯಿತು. ಶಾಲಾ ಶಿಕ್ಷಕರ ತಿಂಗಳ ಸಂಬಳ ಕೆಲವೇ ಡಾಲರಿಗೆ ಇಳಿಯಿತು. ದಿನಾರಿನ ಹಳೆಯ ಬೆಲೆ ಎಲ್ಲೋ ಅಡಗಿ ಕುಳಿತಿಲ್ಲ. ಅದು ಇರಾಕಿಗಳ ಉಳಿತಾಯವನ್ನೂ ಸಂಬಳವನ್ನೂ ನುಂಗಿಕೊಂಡೇ ಕರಗಿಹೋಗಿದೆ.

2003ರ ಯುದ್ಧದ ನಂತರ ಅಮೆರಿಕ ನೇತೃತ್ವದ ಆಡಳಿತ ಹೊಸ ನೋಟು ತಂದಿತು. ಅಕ್ಟೋಬರ್ 15ರಿಂದ 2004ರ ಜನವರಿ 15ರವರೆಗೆ ಮೂರು ತಿಂಗಳಲ್ಲಿ ದೇಶದ ಎಲ್ಲ ಹಳೆಯ ನೋಟುಗಳು ಬದಲಾದವು. ಸೈನಿಕರು, ಗುತ್ತಿಗೆದಾರರು ಊರಿಗೆ ಮರಳುವಾಗ ನೆನಪಿಗೆಂದು ಒಂದಿಷ್ಟು ಹೊಸ ನೋಟು ಒಯ್ದರು. ವ್ಯಾಪಾರ ಹುಟ್ಟಿದ್ದು ಅದರ ಹಿಂದೆಯೇ.

ಈ ವ್ಯಾಪಾರದಲ್ಲಿ ಅತಿ ಹೆಚ್ಚು ಬಳಕೆಯಾದ ಕಥೆ ಕುವೈತಿನದು. ಆಕ್ರಮಣದ ಸಮಯದಲ್ಲಿ ಕುವೈತಿ ದಿನಾರ್ ಕಸದಂತಾಯಿತು, ವಿಮೋಚನೆಯಾದೊಡನೆ ಮತ್ತೆ ಮೂರು ಡಾಲರಿಗೆ ಏರಿತು, ಧೈರ್ಯ ಮಾಡಿ ಕೊಂಡವರು ಕೋಟ್ಯಧಿಪತಿಗಳಾದರು ಎಂಬ ಕಥೆ. ನಡೆದದ್ದು ಬೇರೆ. ಕುವೈತ್ ಸರ್ಕಾರ ದಿನಾರಿನ ಮೌಲ್ಯ ಏರಿಸಿದ್ದೇ ಇಲ್ಲ. ದೇಶ ಕಳೆದುಕೊಂಡಿದ್ದ ಆ ಏಳು ತಿಂಗಳು ಬಿಟ್ಟರೆ ಮೌಲ್ಯ ಇಳಿದೂ ಇರಲಿಲ್ಲ. ಅದರ ವಿದೇಶಿ ಹೂಡಿಕೆಗಳು ಹೊರಗೆ ಸುರಕ್ಷಿತವಾಗಿದ್ದವು. 1991ರ ಮಾರ್ಚ್‌ನಲ್ಲಿ ಹೊಸ ನೋಟು ಬಂದಿತು, ಬೆಲೆ ಯುದ್ಧಕ್ಕೆ ಮುಂಚಿನದೇ. ಇರಾಕಿ ಪಡೆಗಳು ದೋಚಿದ್ದ ನೋಟುಗಳನ್ನು ಕ್ರಮಸಂಖ್ಯೆ ನೋಡಿ ಅಮಾನ್ಯ ಮಾಡಲಾಯಿತು. ಅಂಥ ನೋಟನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನ ಕೈಯಲ್ಲಿ ಉಳಿದದ್ದು ಕಾಗದ.

ಕರಾವಳಿ ಕರ್ನಾಟಕದ ಓದುಗರಿಗೆ ಈ ಅಧ್ಯಾಯ ದೂರದ್ದಲ್ಲ. 1990ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕುವೈತ್ ತೊರೆದು ಜೋರ್ಡಾನಿನ ಅಮ್ಮಾನಿಗೆ ಬಂದಿದ್ದ, ಅಲ್ಲಿಂದ ಏರ್ ಇಂಡಿಯಾ ಕರೆತಂದ ಸುಮಾರು 1.7 ಲಕ್ಷ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ದಿನಾರನ್ನೇ ಸಂಬಳವಾಗಿ ಎಣಿಸಿಕೊಂಡಿದ್ದ ಜನ ಅವರು. ಆ ಯುದ್ಧದ ನಷ್ಟಕ್ಕೆ ಆಮೇಲೆ ಭಾರತೀಯರ ಕೈಸೇರಿದ ಪರಿಹಾರ ಯಾವ ಕರೆನ್ಸಿಯ ಏರಿಕೆಯಿಂದಲೂ ಬಂದದ್ದಲ್ಲ. ವಿಶ್ವಸಂಸ್ಥೆಯ ಪರಿಹಾರ ಆಯೋಗ ಅರ್ಜಿ ಪಡೆದು, ಇರಾಕಿನ ತೈಲ ಆದಾಯದ ಒಂದು ಪಾಲನ್ನು ಹಿಡಿದಿಟ್ಟು, ವರ್ಷಗಟ್ಟಲೆ ಹಂಚಿದ ಹಣ ಅದು. ಆ ಆಯೋಗದ ಒಟ್ಟು ಪಾವತಿ 5,240 ಕೋಟಿ ಡಾಲರ್. ಕೊನೆಯ ಕಂತು ಮುಗಿದದ್ದು 2022ರಲ್ಲಿ.

ಹಾಗಾದರೆ ಇರಾಕಿ ನೋಟನ್ನು ಹಿಡಿದು ಕಾದವರು ಯಾರೂ ಗೆದ್ದೇ ಇಲ್ಲವೇ? ಗೆದ್ದಿದ್ದಾರೆ. ಆ ಗೆಲುವಿನ ಕಾರಣವನ್ನು ಗುರುಗಳು ವಿವರಿಸುವುದಿಲ್ಲ.

ಡಿ ಲಾ ರೂ ಅಚ್ಚು ಮಾಡಿದ್ದ ಹಳೆಯ ನೋಟುಗಳಿಗೆ ಇರಾಕಿನಲ್ಲಿ ‘ಸ್ವಿಸ್ ದಿನಾರ್’ ಎಂಬ ಹೆಸರು ಬಿದ್ದಿತ್ತು. ಅವುಗಳ ಅಚ್ಚಿನ ಫಲಕಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿದ್ದವಂತೆ. 1993ರ ಮೇ ತಿಂಗಳಲ್ಲಿ ಸದ್ದಾಂ ಸರ್ಕಾರ ಈ ಸರಣಿಯ 25 ದಿನಾರ್ ನೋಟನ್ನು ಏಕಾಏಕಿ ರದ್ದು ಮಾಡಿ, ಬದಲಾಯಿಸಿಕೊಳ್ಳಲು ಕೆಲವೇ ದಿನ ಕೊಟ್ಟು, ಗಡಿ ಮುಚ್ಚಿಬಿಟ್ಟಿತು. ಜೋರ್ಡಾನಿನ ವರ್ತಕರ ಬಳಿ ಕಂತೆಗಟ್ಟಲೆ ನೋಟುಗಳಿದ್ದವು, ಬದಲಾಯಿಸಲು ದಾರಿಯಿರಲಿಲ್ಲ. ಇರಾಕಿ ದಿನಾರನ್ನು ಹೊರದೇಶದಲ್ಲಿ ಕೂಡಿಟ್ಟವರಿಗೆ ಆದ ಮೊದಲ ದೊಡ್ಡ ಪೆಟ್ಟು ಅದು. ಹತ್ತು ವರ್ಷದ ನಂತರ ಅದೇ ಕರೆನ್ಸಿಯನ್ನು ಮಾರಿದವರು ಈ ಘಟನೆಯನ್ನು ಗಿರಾಕಿಗಳಿಗೆ ಹೇಳಬೇಕಿತ್ತು.

ಉತ್ತರದ ಕುರ್ದ್ ಪ್ರದೇಶ ಮಾತ್ರ ಆಗಲೇ ಬಾಗ್ದಾದಿನ ಹಿಡಿತದಿಂದ ಹೊರಗಿತ್ತು. ಅಲ್ಲಿನ ಜನ ರದ್ದಾದ ಹಳೆಯ ನೋಟುಗಳಲ್ಲೇ ವ್ಯವಹಾರ ಮುಂದುವರಿಸಿದರು. ಅವುಗಳ ಹಿಂದೆ ಸರ್ಕಾರವಿಲ್ಲ, ಕೇಂದ್ರ ಬ್ಯಾಂಕ್ ಇಲ್ಲ. ಹರಿದು ತೇಪೆ ಹಾಕಿದ ನೋಟುಗಳು. ಆದರೂ ಸದ್ದಾಂನ ಚಿತ್ರವಿದ್ದ ಹೊಸ ನೋಟಿಗಿಂತ ಇವಕ್ಕೇ ಬೆಲೆ ಹೆಚ್ಚು, ಏಕೆಂದರೆ ಇವನ್ನು ಇನ್ನಷ್ಟು ಅಚ್ಚು ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ. ಯುದ್ಧ ಹತ್ತಿರವಾದಂತೆ, ಸದ್ದಾಂ ಹೋದ ಮೇಲೆ ಬರುವ ಆಡಳಿತ ಈ ನೋಟುಗಳನ್ನು ಮಾನ್ಯ ಮಾಡುತ್ತದೆಂಬ ನಿರೀಕ್ಷೆ ಬೆಳೆಯಿತು. 2002ರ ಮೇ ತಿಂಗಳಲ್ಲಿ ಡಾಲರಿಗೆ ಸುಮಾರು 18 ಇದ್ದ ಸ್ವಿಸ್ ದಿನಾರ್ ಒಂದು ವರ್ಷದಲ್ಲಿ ಸುಮಾರು 6ಕ್ಕೆ ಬಂತು, ಅಂದರೆ ಬೆಲೆ ಮೂರು ಪಟ್ಟಾಯಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂದಿನ ಗವರ್ನರ್ ಮರ್ವಿನ್ ಕಿಂಗ್ 2004ರ ಆರಂಭದಲ್ಲಿ ಅರ್ಥಶಾಸ್ತ್ರಜ್ಞರ ಮುಂದೆ ಮಾಡಿದ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ಎತ್ತಿಕೊಂಡಿದ್ದರು. ಹಣದ ಬೆಲೆ ನಿಂತಿರುವುದು ನಾಳೆ ಅದನ್ನು ಎಷ್ಟು ಅಚ್ಚುಹಾಕುತ್ತಾರೆ ಎಂಬ ನಂಬಿಕೆಯ ಮೇಲೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ನೋಟು ಬದಲಾವಣೆಯ ವೇಳೆ ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್ ಸಿಕ್ಕವು, ಸದ್ದಾಂ ದಿನಾರಿಗೆ ಸಿಕ್ಕಿದ್ದು ಒಂದಕ್ಕೊಂದು.

ಅಮೆರಿಕದ ಬೀರುಗಳಲ್ಲಿರುವುದು ಆ ಅಪರೂಪದ ನೋಟಲ್ಲ. ಸಂಖ್ಯೆ ಏರುತ್ತಲೇ ಹೋದ ಹೊಸ ನೋಟು. 2023ರ ಹೊತ್ತಿಗೆ ಚಲಾವಣೆಯಲ್ಲಿದ್ದ ಇರಾಕಿ ನೋಟುಗಳ ಮೊತ್ತ ಸುಮಾರು ನೂರು ಲಕ್ಷ ಕೋಟಿ ದಿನಾರ್. ಒಂದು ದಿನಾರಿಗೆ ಮೂರು ಡಾಲರ್ ಎಂದರೆ ಆ ಕಾಗದದ ಬೆಲೆ ಮುನ್ನೂರು ಲಕ್ಷ ಕೋಟಿ ಡಾಲರ್. ಇಡೀ ಜಗತ್ತಿನ ಆ ವರ್ಷದ ಒಟ್ಟು ಉತ್ಪನ್ನವೇ ನೂರೈದು ಲಕ್ಷ ಕೋಟಿ ಡಾಲರ್ ಆಸುಪಾಸು. ಇರಾಕಿನ ಕೇಂದ್ರ ಬ್ಯಾಂಕಿನಲ್ಲಿ ಆಗ ಇದ್ದ ವಿದೇಶಿ ಮೀಸಲು ಹತ್ತು ಸಾವಿರ ಕೋಟಿ ಡಾಲರ್ ಮಟ್ಟದ್ದು. ಈಗಿನ ದರದಲ್ಲಿ ತನ್ನ ನೋಟುಗಳನ್ನು ನಿಭಾಯಿಸಲು ಅದು ಸಾಕು, ಗುರುಗಳು ಹೇಳುವ ದರಕ್ಕೆ ಯಾವ ದೇಶದ ಮೀಸಲೂ ಸಾಲದು.

ನಂಬಿದವರು ಇದಕ್ಕೆ ಕೊಡುವ ಉತ್ತರ ತೈಲ. ಇರಾಕಿನ ನೆಲದಡಿ 14,500 ಕೋಟಿ ಬ್ಯಾರೆಲ್ ತೈಲವಿರುವುದು ನಿಜ. ಆದರೆ ಆ ತೈಲವೇ ದಿನಾರನ್ನು ಏರಿಸದಂತೆ ಸರ್ಕಾರದ ಕೈಕಟ್ಟಿದೆ. ತೈಲ ಮಾರಾಟವಾಗುವುದು ಡಾಲರಿನಲ್ಲಿ, ನಲವತ್ತು ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರಿಗೆ ಸಂಬಳ ಹೋಗುವುದು ದಿನಾರಿನಲ್ಲಿ. ಬ್ಯಾರೆಲ್‌ಗೆ 70 ಡಾಲರ್ ಬಂದರೆ, ಡಾಲರಿಗೆ 1,300ರ ದರದಲ್ಲಿ ಖಜಾನೆಗೆ 91,000 ದಿನಾರ್. ದಿನಾರ್ ಡಾಲರಿಗೆ ಸಮವಾದರೆ ಸಿಗುವುದು 70 ದಿನಾರ್. ಆ ತಿಂಗಳ ಸಂಬಳ ಯಾರು ಕೊಡಬೇಕು? 2020ರ ಡಿಸೆಂಬರ್‌ನಲ್ಲಿ ತೈಲದ ಆದಾಯ ಕುಸಿದಾಗ ಸರ್ಕಾರ ಮಾಡಿದ್ದು ಇದರ ವಿರುದ್ಧದ ಕೆಲಸ. 1,190 ಆಸುಪಾಸಿನಲ್ಲಿದ್ದ ದರವನ್ನು 1,450ಕ್ಕೆ ಒಯ್ದು ದಿನಾರನ್ನು ಅಪಮೌಲ್ಯಗೊಳಿಸಿತು.

ಕರೆನ್ಸಿಗಳ ಮೌಲ್ಯವನ್ನು ಸರ್ಕಾರಗಳು ಏರಿಸುವುದೇ ಇಲ್ಲವೆಂದಲ್ಲ. ಜರ್ಮನಿ 1961ರಲ್ಲಿ ಮಾರ್ಕನ್ನು ಶೇ. 5ರಷ್ಟು, 1969ರಲ್ಲಿ ಶೇ. 9.3ರಷ್ಟು ಏರಿಸಿತು. ಚೀನಾ 2005ರ ಜುಲೈನಲ್ಲಿ ಯುವಾನನ್ನು ಏರಿಸಿದ್ದು ಶೇ. 2.1. ಇರಾಕ್ ಕೂಡ ಹಣದುಬ್ಬರ ತಗ್ಗಿಸಲು 2006ರ ಕೊನೆಯಿಂದ ಎರಡು ವರ್ಷ ದಿನಾರನ್ನು ಮೆಲ್ಲಗೆ ಬಲಗೊಳಿಸಿತು, 1,480ರಿಂದ 1,170ರ ಸುತ್ತಮುತ್ತ ತಂದಿತು. ಒಳ್ಳೆಯ ಆಡಳಿತ ಅದು. ಬಾಗ್ದಾದಿನ ಪೇಟೆಯಲ್ಲಿ ಪೇಟೆಯ ದರಕ್ಕೇ ಕೊಂಡವರಿಗೆ ಲಾಭವೂ ಆಯಿತು. ಆದರೆ ಸಾವಿರ ಪಟ್ಟಿನ ಏರಿಕೆ ಈ ಇತಿಹಾಸದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಗೊಂದಲ ಸೊನ್ನೆಗಳದು. ನೋಟಿನಿಂದ ಮೂರು ಸೊನ್ನೆ ತೆಗೆಯುವ ಪ್ರಸ್ತಾಪವನ್ನು ಇರಾಕಿನ ಕೇಂದ್ರ ಬ್ಯಾಂಕ್ 2010ರ ನಂತರ ಮುಂದಿಟ್ಟಿತ್ತು, 2012ರಲ್ಲಿ ಅದು ಮೂಲೆಗೆ ಸರಿಯಿತು. ಅದನ್ನೇ ‘ಆರ್‌ವಿ’ಯ ಮುನ್ಸೂಚನೆಯೆಂದು ಮಾರಲಾಯಿತು. ಸೊನ್ನೆ ತೆಗೆದರೆ 25,000 ದಿನಾರ್ 25 ದಿನಾರ್ ಆಗುತ್ತದೆ, ಕೊಳ್ಳುವ ಶಕ್ತಿ ಅಷ್ಟೇ ಉಳಿಯುತ್ತದೆ. 2005ರಲ್ಲಿ ಟರ್ಕಿ ಆರು ಸೊನ್ನೆ ತೆಗೆದಾಗ ಹತ್ತು ಲಕ್ಷ ಹಳೆಯ ಲಿರಾ ಒಂದು ಹೊಸ ಲಿರಾ ಆಯಿತು, ಅಲ್ಲಿ ಯಾರೂ ಶ್ರೀಮಂತರಾಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಹಣ ಮತ್ತೆ ಎದ್ದುನಿಂತ ಉದಾಹರಣೆಯನ್ನೂ ಗುರುಗಳು ಕೊಡುತ್ತಾರೆ. 1948ರ ಸುಧಾರಣೆಯಲ್ಲಿ ಉಳಿತಾಯದ 100 ರೈಶ್‌ಮಾರ್ಕಿಗೆ ಕೊನೆಗೆ ಸಿಕ್ಕಿದ್ದು ಆರೂವರೆ ಹೊಸ ಮಾರ್ಕ್. ಅದಕ್ಕೂ ಹಿಂದೆ, 1919ರ ನಂತರ, ಮಾರ್ಕ್ ಮತ್ತೆ ಯುದ್ಧಪೂರ್ವದ, ಡಾಲರಿಗೆ 4.2ರ ದರಕ್ಕೆ ಮರಳುತ್ತದೆಂದು ಅಮೆರಿಕ, ಯೂರೋಪುಗಳ ಸಾಮಾನ್ಯ ಜನ ಕಂತೆಗಟ್ಟಲೆ ಕೊಂಡಿದ್ದರು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗುವವರೆಗೆ ಅವರ ನಷ್ಟ ನಿಲ್ಲಲಿಲ್ಲ.

ಮಾರುವವರ ಕಡೆ ನೋಡಿದರೆ ಈ ವ್ಯವಹಾರದ ಸ್ವರೂಪ ಇನ್ನೂ ಸ್ಪಷ್ಟವಾಗುತ್ತದೆ. ಡೀಲರುಗಳು ಅಧಿಕೃತ ದರಕ್ಕಿಂತ ಸಾಕಷ್ಟು ಹೆಚ್ಚಿಗೆ ಮಾರುತ್ತಾರೆ, ಕಡಿಮೆಗೆ ಹಿಂಪಡೆಯುತ್ತಾರೆ. ಬ್ಯಾಂಕುಗಳು ಸಾಮಾನ್ಯವಾಗಿ ಈ ನೋಟನ್ನು ಮುಟ್ಟುವುದಿಲ್ಲವಾದ್ದರಿಂದ ಗಿರಾಕಿಗೆ ಬೇರೆ ದಾರಿಯಿಲ್ಲ. ಓಹಾಯೊದ ಟೊಲೆಡೊದಲ್ಲಿ ‘ಬಿಎಚ್ ಗ್ರೂಪ್’ ಹೆಸರಿನಲ್ಲಿ ನಡೆದ ದಂಧೆ ಎರಡು ಕೋಟಿ ಡಾಲರ್‌ಗೂ ಹೆಚ್ಚಿನ ದಿನಾರ್ ಮಾರಿತು, ಇಲ್ಲದ ಹೆಡ್ಜ್ ಫಂಡುಗಳಲ್ಲಿ ಜಾಗ ಕಾಯ್ದಿರಿಸುತ್ತೇವೆಂದೂ ಹಣ ಪಡೆಯಿತು. ಅಟ್ಲಾಂಟಾದ ‘ಸ್ಟರ್ಲಿಂಗ್ ಕರೆನ್ಸಿ ಗ್ರೂಪ್’ 2010ರಿಂದ 2015ರವರೆಗೆ ನಡೆಸಿದ ವಹಿವಾಟು 60 ಕೋಟಿ ಡಾಲರ್ ದಾಟಿತ್ತು. ‘ಆರ್‌ವಿ’ ಆದೊಡನೆ ವಿಮಾನ ನಿಲ್ದಾಣಗಳಲ್ಲಿ ಕೌಂಟರ್ ತೆರೆದು ನೋಟು ಬದಲಾಯಿಸಿಕೊಡುತ್ತೇವೆಂದು ಅದು ಭರವಸೆ ಕೊಟ್ಟಿತ್ತು. ಎರಡೂ ಪ್ರಕರಣಗಳಲ್ಲಿ ನಡೆಸಿದವರು ವಂಚನೆಯ ಅಪರಾಧಿಗಳೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ವಿದೇಶಿ ನೋಟು ಮಾರುವುದು ಅಪರಾಧವಲ್ಲ. ಇಲ್ಲದ ಒಳಸುದ್ದಿಯನ್ನು ಇದೆಯೆಂದು ನಂಬಿಸಿ, ನಿವೃತ್ತಿಯ ಹಣವನ್ನು ಅದಕ್ಕೆ ಸುರಿಸಿಕೊಳ್ಳುವುದು ಅಪರಾಧ. ಭಾರತದಲ್ಲಿ ಈ ಆಸೆಗೆ ಕಾನೂನೇ ಒಂದು ಮಿತಿ ಹಾಕಿದೆ. ವಿದೇಶದಿಂದ ಮರಳಿದವರು 2,000 ಡಾಲರ್ ಮೌಲ್ಯ ಮೀರಿದ ವಿದೇಶಿ ನೋಟುಗಳನ್ನು 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಒಪ್ಪಿಸಬೇಕು.

2022ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಇರಾಕಿನ ಡಾಲರ್ ವರ್ಗಾವಣೆಗಳ ಮೇಲೆ ತಪಾಸಣೆ ಬಿಗಿಗೊಳಿಸಿದ ಮೇಲೆ ದಿನಾರ್ ಪೇಟೆಯಲ್ಲಿ ಕುಸಿಯಿತು. ಹಿಟ್ಟು, ಎಣ್ಣೆ, ಔಷಧಿಗಳ ಬೆಲೆ ಏರಿತು. 2023ರ ಜನವರಿಯಲ್ಲಿ ಬಾಗ್ದಾದಿನ ಕೇಂದ್ರ ಬ್ಯಾಂಕಿನ ಬಳಿ ಜನ ಪ್ರತಿಭಟನೆಗೆ ಸೇರಿದರು, ಗವರ್ನರ್ ಬದಲಾದರು. ಫೆಬ್ರವರಿಯಲ್ಲಿ ಸಚಿವ ಸಂಪುಟ ದರವನ್ನು 1,450ರಿಂದ 1,300ಕ್ಕೆ ತಂದಿತು. ಇಪ್ಪತ್ತು ವರ್ಷ ಕಾದವರ ಪಾಲಿಗೆ ಇದು ನಿಜವಾಗಿಯೂ ಸರ್ಕಾರ ಘೋಷಿಸಿದ ಮೌಲ್ಯ ಏರಿಕೆಯೇ ಆಗಿತ್ತು. ಹತ್ತು ಲಕ್ಷ ದಿನಾರ್ ಇಟ್ಟುಕೊಂಡವರ ಕಟ್ಟಿನ ಅಧಿಕೃತ ಬೆಲೆ 690 ಡಾಲರಿನಿಂದ 769ಕ್ಕೆ ಏರಿತು, ಕೊಳ್ಳುವಾಗ ಡೀಲರಿಗೆ ತೆತ್ತ ಹೆಚ್ಚುವರಿ ಹಣ ವಾಪಸಾಗಲು ಆ ಎಂಬತ್ತು ಡಾಲರ್ ಸಾಕಾಗಲಿಲ್ಲ.