ಯಾರ ಕೈಯಿಂದ ಏನು ಹೋಯಿತು?

ಜನರೇ ಸೇರಿ ಕಟ್ಟಿದ ಜಾಲತಾಣವೊಂದು ತನ್ನ ರೂಪ ಬದಲಿಸಿದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಬಳಕೆದಾರರ ಅಭಿಪ್ರಾಯ ಕೇಳಿ, ಹೆಚ್ಚು ಜನ ಹೇಳಿದಂತೆ ಮಾಡಿ, ತಾಣ ಉಳಿಯುತ್ತದೆ ಎನ್ನುವುದು ಒಂದು. ಜನ ಯಾವ ಬದಲಾವಣೆ ಬಂದರೂ ಮೊದಲು ಬೈಯುತ್ತಾರೆ, ಎರಡು ವಾರ ಸುಮ್ಮನಿದ್ದರೆ ತಾವಾಗಿಯೇ ಒಗ್ಗಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು. ಎದುರುಬದುರು ನಿಂತಂತೆ ಕಂಡರೂ ಈ ಎರಡು ಮಾತುಗಳ ಬೇರು ಒಂದೇ. ಎರಡೂ ಕೂಗಿನ ಗಾತ್ರವನ್ನು ಅಳೆಯುತ್ತವೆ. ಕೂಗಿದವರು ಆ ತಾಣದಲ್ಲಿ ಯಾವ ಕೆಲಸ ಮಾಡುತ್ತಿದ್ದರು, ಬದಲಾವಣೆ ಅವರ ಕೈಯಿಂದ ಏನನ್ನು ಕಿತ್ತುಕೊಂಡಿತು ಎಂದು ಎರಡೂ ಕೇಳುವುದಿಲ್ಲ. ಉಳಿಯುವ ತಾಣ ಯಾವುದು, ಮುಳುಗುವ ತಾಣ ಯಾವುದು ಎಂಬುದು ಆ ಪ್ರಶ್ನೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಕಳೆದ ಎರಡು ದಶಕಗಳ ಇತಿಹಾಸವೇ ಸಾಕ್ಷಿ.

'ಒಗ್ಗಿಕೊಳ್ಳುತ್ತಾರೆ' ಎನ್ನುವವರು ಮೊದಲು ಹೆಸರಿಸುವುದು ಫೇಸ್‌ಬುಕ್ಕನ್ನು. 2006ರ ಸೆಪ್ಟೆಂಬರ್ 5ರಂದು ಅದು ನ್ಯೂಸ್ ಫೀಡ್ ಆರಂಭಿಸಿತು. ಅಲ್ಲಿಯವರೆಗೆ ಗೆಳತಿಯೊಬ್ಬಳ ಸುದ್ದಿ ಬೇಕೆಂದರೆ ಅವಳ ಪುಟಕ್ಕೇ ಹೋಗಿ ನೋಡಬೇಕಿತ್ತು. ಈಗ ಅವಳು ಮಾಡಿದ್ದೆಲ್ಲ ಎಲ್ಲರ ಕಣ್ಣೆದುರು ಬಂದು ಬೀಳತೊಡಗಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ವಿರೋಧದ ಗುಂಪು ಸೇರಿದರು. ಇಂದು ನ್ಯೂಸ್ ಫೀಡ್ ಇಲ್ಲದ ಫೇಸ್‌ಬುಕ್ಕನ್ನು ಯಾರೂ ಊಹಿಸಲಾರರು, ಆದ್ದರಿಂದ ಆ ವಿರೋಧ ಹುಸಿ ಎಂದು ಕಥೆ ಮುಗಿಸುತ್ತಾರೆ. ಹೀಗೆ ಮುಗಿಸುವಾಗ ನಡುವಿನ ಮೂರು ದಿನಗಳನ್ನು ಹಾರಿಸಿಬಿಡುತ್ತಾರೆ. ಸೆಪ್ಟೆಂಬರ್ 8ರಂದು ಮಾರ್ಕ್ ಜುಕರ್‌ಬರ್ಗ್ ಬಹಿರಂಗ ಪತ್ರ ಬರೆದು ತಪ್ಪೊಪ್ಪಿಕೊಂಡರು. ತಮ್ಮ ಯಾವ ಚಟುವಟಿಕೆ ಫೀಡಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಬಳಕೆದಾರರೇ ತೀರ್ಮಾನಿಸುವ ಸೌಲಭ್ಯವನ್ನು ಜೊತೆಗೇ ಕೊಟ್ಟರು. ಕೈತಪ್ಪಿದ್ದ ಹಿಡಿತ ಒಂದಿಷ್ಟಾದರೂ ಮರಳಿದ ಮೇಲೆ ಜನ ಒಗ್ಗಿಕೊಂಡರು.

ಕಂಪನಿ ಕಲಿತದ್ದು ಬೇರೆ ಪಾಠ. ಮರುವರ್ಷ ನವೆಂಬರಿನಲ್ಲಿ ಅದು ಬೀಕನ್ ತಂದಿತು. ಹೊರಗಿನ ಅಂಗಡಿತಾಣಗಳಲ್ಲಿ ಒಬ್ಬರು ಏನು ಕೊಂಡರು ಎಂಬುದನ್ನು ಅವರ ಗೆಳೆಯರಿಗೆಲ್ಲ ಸಾರುವ ವ್ಯವಸ್ಥೆ ಅದು. ಮತ್ತೆ ಕೂಗೆದ್ದಿತು. ಈ ಸಲ ಯಾರೂ ಒಗ್ಗಿಕೊಳ್ಳಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ರಾಜಿಗೆ 95 ಲಕ್ಷ ಡಾಲರ್ ತೆರಬೇಕಾಯಿತು, 2009ರಲ್ಲಿ ಬೀಕನ್ ಮುಚ್ಚಿತು.

ಇನ್ನು 'ಕೇಳಿದಂತೆ ಮಾಡಿ' ಎನ್ನುವ ಪಕ್ಷ. ಅವರ ನೆಚ್ಚಿನ ಉದಾಹರಣೆ ಡಿಗ್. ಬಳಕೆದಾರರ ಮಾತು ಕೇಳದೆ ಸತ್ತ ತಾಣ ಎಂದು ಅದನ್ನು ಈಗಲೂ ತೋರಿಸುತ್ತಾರೆ. ನಡೆದದ್ದು ಅಷ್ಟು ಸರಳವಲ್ಲ. ಡಿಗ್‌ನಲ್ಲಿ ಓದುಗರೇ ಸುದ್ದಿಯ ಕೊಂಡಿಗಳನ್ನು ತಂದು ಹಾಕುತ್ತಿದ್ದರು, ಓದುಗರೇ ಮತ ಹಾಕಿ ಮುಖಪುಟಕ್ಕೆ ಏರಿಸುತ್ತಿದ್ದರು, ಬೇಡದ್ದನ್ನು 'ಬರಿ' (ಹೂಳು) ಗುಂಡಿ ಒತ್ತಿ ಕೆಳಗಿಳಿಸುತ್ತಿದ್ದರು. ಮುಖಪುಟ ಕೆಲವೇ ಹಳೆಯ ಬಳಕೆದಾರರ ಹಿಡಿತದಲ್ಲಿದೆ, ಗುಂಪು ಕಟ್ಟಿಕೊಂಡು ತಮಗಾಗದ ಸುದ್ದಿಗಳನ್ನು ಹೂಳುತ್ತಾರೆ ಎಂಬ ದೂರು ಬಹುಕಾಲದಿಂದ ಇತ್ತು, ಅದರಲ್ಲಿ ನಿಜವೂ ಇತ್ತು. 2010ರ ಆಗಸ್ಟ್ 25ರಂದು ಬಂದ ನಾಲ್ಕನೆಯ ಆವೃತ್ತಿ ಈ ದೂರಿಗೆ ಉತ್ತರವನ್ನೇ ಹೊತ್ತು ತಂದಿತ್ತು. ಹೂಳುವ ಗುಂಡಿಯೇ ಮಾಯವಾಯಿತು. ಹಳಬರ ಹಿಡಿತ ಸಡಿಲಿಸಲು ಪತ್ರಿಕೆಗಳಿಗೂ ದೊಡ್ಡ ಸುದ್ದಿತಾಣಗಳಿಗೂ ತಮ್ಮ ಬರಹಗಳನ್ನು ನೇರವಾಗಿ, ಯಂತ್ರದ ಮೂಲಕವೇ, ಸುರಿಯುವ ದಾರಿ ತೆರೆಯಿತು.

ದೂರು ಕೇಳಿದ್ದರು, ದೂರಿಗೆ ಮದ್ದನ್ನೂ ಕೊಟ್ಟರು. ಆ ಮದ್ದು ತಾಣದ ಜೀವವನ್ನೇ ತೆಗೆಯಿತು. ಕೊಂಡಿ ಹುಡುಕುವುದು, ಆರಿಸುವುದು, ತಿರಸ್ಕರಿಸುವುದು, ಈ ಮೂರೂ ಕೆಲಸ ಓದುಗನ ಕೈಯಿಂದ ಪ್ರಕಾಶಕನ ಕೈಗೆ ಜಾರಿದವು. ಆಗಸ್ಟ್ 30ನ್ನು ಬಳಕೆದಾರರು ಡಿಗ್ ತೊರೆಯುವ ದಿನವೆಂದು ಘೋಷಿಸಿಕೊಂಡರು, ಪ್ರತಿಸ್ಪರ್ಧಿ ರೆಡಿಟ್‌ನ ಕೊಂಡಿಗಳಿಂದಲೇ ಮುಖಪುಟ ತುಂಬಿಸಿದರು. ಗುಂಡಿಯನ್ನು ಮತ್ತೆ ತಂದಿಟ್ಟರೂ ಹೋದವರು ಬರಲಿಲ್ಲ. 2012ರ ಜುಲೈನಲ್ಲಿ ಡಿಗ್‌ನ ಹೆಸರೂ ತಂತ್ರಜ್ಞಾನವೂ ಬೀಟಾವರ್ಕ್ಸ್ ಎಂಬ ಕಂಪನಿಗೆ ಸುಮಾರು ಐದು ಲಕ್ಷ ಡಾಲರಿಗೆ ಮಾರಾಟವಾದವು. ಅಭಿಪ್ರಾಯ ಕೇಳಲಿಲ್ಲವೆಂದು ಡಿಗ್ ಸತ್ತಿತು ಎನ್ನುವವರು ಇದನ್ನು ಮತ್ತೊಮ್ಮೆ ನೋಡಬೇಕು. ದೂರಿನಲ್ಲಿ ಹೇಳಿದ ರೋಗ ಸರಿಯಾಗಿಯೇ ಇತ್ತು. ತಾಣವನ್ನು ದಿನವೂ ನಡೆಸುತ್ತಿದ್ದವರ ಕೆಲಸ ಯಾವುದು ಎಂದು ಗುರುತಿಸುವಲ್ಲಿ ಕಂಪನಿ ಎಡವಿತು.

ಈ ಗುರುತಿಸುವಿಕೆ ಎಷ್ಟು ಕಷ್ಟ ಎಂದು ತಿಳಿಯಲು ವಿಕಿಪೀಡಿಯದ ಹತ್ತಿರ ಹೋಗಬೇಕು. ಕನ್ನಡಕ್ಕೆ ನೇರ ಸಂಬಂಧವಿರುವುದೂ ಅದರೊಂದಿಗೇ, ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಅಡುಗೆ ಮಾಡುವವರು ಬೆರಳೆಣಿಕೆಯ ಮಂದಿ, ಉಣ್ಣುವವರು ಕೋಟಿ ಕೋಟಿ. ಅಡುಗೆಮನೆಯ ದುರಸ್ತಿಗೆ ಯಾರನ್ನು ಕೇಳಬೇಕು?

2007ರ ನಂತರ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ ಇಳಿಯತೊಡಗಿತು. 2011ರ ಸಮೀಕ್ಷೆಯಲ್ಲಿ ಸಂಪಾದಕರ ಪೈಕಿ ಮಹಿಳೆಯರು ಶೇ 10ಕ್ಕಿಂತ ಕಡಿಮೆ ಎಂದು ಕಂಡುಬಂತು. ಹೊಸಬರನ್ನು ಹೆದರಿಸುವುದು ಅಲ್ಲಿನ ಸಂಕೇತಭಾಷೆ ಎಂದು ತಾಣವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಭಾವಿಸಿತು. ದಪ್ಪಕ್ಷರ ಬೇಕಾದರೆ ಪದದ ಎರಡೂ ಬದಿಗೆ ಮೂರು ಮೂರು ಅಪಾಸ್ಟ್ರಫಿ, ಕೊಂಡಿ ಬೇಕಾದರೆ ಎರಡೆರಡು ಚೌಕಾವರಣ. ಕನ್ನಡದಲ್ಲಿ ಬರೆಯುವವರಿಗೆ ಈ ಕಷ್ಟ ಇನ್ನೂ ಹೆಚ್ಚು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಚೌಕಾವರಣದ ಕೀಲಿ 'ಡ' ಅಕ್ಷರಕ್ಕೆ ಹೋಗಿರುವುದರಿಂದ ಪ್ರತಿ ಕೊಂಡಿಗೂ ಇಂಗ್ಲಿಷಿಗೆ ಹೊರಳಿ ಮತ್ತೆ ಕನ್ನಡಕ್ಕೆ ಮರಳಬೇಕು. ಇದನ್ನೆಲ್ಲ ತಪ್ಪಿಸಿ, ಪುಟ ಕಾಣುವ ಹಾಗೆಯೇ ತಿದ್ದಲು ಬಿಡುವ ವಿಶುವಲ್ ಎಡಿಟರ್ ಎಂಬ ಸಾಧನವನ್ನು 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಎಲ್ಲರಿಗೂ ತೆರೆದರು.

ಉದ್ದೇಶ ಒಳ್ಳೆಯದು, ಸಾಧನ ಮಾತ್ರ ಹಸಿಯಾಗಿತ್ತು. ಅದು ನಿಧಾನ, ಬೇಡದ ಸಂಕೇತಗಳನ್ನು ಪುಟದೊಳಗೆ ತುರುಕುತ್ತಿತ್ತು. ಲೇಖನಗಳ ನಡುವೆ ಚದುರಂಗದ ಕಾಲಾಳಿನ ಚಿಹ್ನೆ ಕಾಣಿಸಿಕೊಂಡದ್ದನ್ನು ಆ ಕಾಲದ ಸಂಪಾದಕರು ಮರೆತಿರಲಾರರು. ಒಬ್ಬ ಹೊಸಬ ಒಂದು ವಾಕ್ಯ ತಿದ್ದಿದರೆ ಹಿಂದೆಯೇ ಹಳಬರೊಬ್ಬರು ಬಂದು ಯಂತ್ರ ಬಿಟ್ಟುಹೋದ ಕಸ ಗುಡಿಸಬೇಕು. ಹಳಬರು ದೊಡ್ಡ ಬಹುಮತದಿಂದ ವಿರೋಧಿಸಿದರು. ಫೌಂಡೇಶನ್ ಹಿಂಜರಿದಾಗ ಸೆಪ್ಟೆಂಬರಿನಲ್ಲಿ ಸಮುದಾಯದ ನಿರ್ವಾಹಕರೊಬ್ಬರು ತಾಣದ ಸಂಕೇತವನ್ನೇ ತಿದ್ದಿ ಆ ಸಾಧನ ತಾನಾಗಿ ತೆರೆದುಕೊಳ್ಳದಂತೆ ಮಾಡಿದರು.

ಹಳಬರಿಗೆ ಹೊಸತು ಕಂಡರೆ ಆಗುವುದಿಲ್ಲ ಎಂಬ ವ್ಯಾಖ್ಯಾನ ಆಗ ಬಲವಾಗಿ ಕೇಳಿಬಂತು, ಇವತ್ತಿಗೂ ಕೇಳುತ್ತದೆ. ಅದು ಸುಳ್ಳೆಂದು ಮುಂದಿನ ಎರಡು ವರ್ಷ ತೋರಿಸಿದವು. ದೋಷಗಳನ್ನು ಬಹುಮಟ್ಟಿಗೆ ತಿದ್ದಿದ ಮೇಲೆ, 2015ರಲ್ಲಿ, ಹೊಸದಾಗಿ ನೋಂದಾಯಿಸಿದವರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಮಾತ್ರ ಈ ಸಾಧನ ಕೊಟ್ಟು ಪರೀಕ್ಷಿಸಿದರು. ಕೊಡುಗೆ ಹೆಚ್ಚಿತೆಂದು ಕಾಣಲಿಲ್ಲ, ಹಳಬರು ಸ್ವಚ್ಛಗೊಳಿಸಬೇಕಾದ ಕೆಲಸ ಹೆಚ್ಚಿತೆಂದೂ ಕಾಣಲಿಲ್ಲ. ಅಷ್ಟು ಖಚಿತವಾದ ಮೇಲೆ ಅದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಖಾತೆಗಳಿಗೆ ಹಂತಹಂತವಾಗಿ ಆ ಸಾಧನ ತೆರೆಯಿತು. ಹಿಂದಿನ ದಂಗೆ ಮರುಕಳಿಸಲಿಲ್ಲ. ಒಗ್ಗಿಕೊಂಡದ್ದರಿಂದ ಅವರು ಸುಮ್ಮನಾಗಲಿಲ್ಲ. ಅವರ ಮೇಲೆ ಬಿದ್ದಿದ್ದ ಕಸದ ಹೊರೆ ಇಳಿದಿತ್ತು.

ಈ ನಡುವೆ 2014ರಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಇಡೀ ಇತಿಹಾಸದ ಅತ್ಯಂತ ಗಂಭೀರ ಘಟನೆ. ಚಿತ್ರದ ಮೇಲೆ ಒತ್ತಿದರೆ ಅದನ್ನು ದೊಡ್ಡದಾಗಿ, ಕಪ್ಪು ಹಿನ್ನೆಲೆಯಲ್ಲಿ ತೋರಿಸುವ ಮೀಡಿಯ ವ್ಯೂವರ್ ಬಂತು. ಚಿತ್ರದ ಹಕ್ಕು, ಮೂಲ, ತೆಗೆದವರ ಹೆಸರು, ಇವೆಲ್ಲ ಮರೆಯಾಗುತ್ತವೆ ಎಂದು ಜರ್ಮನ್ ವಿಕಿಪೀಡಿಯದ ಸಂಪಾದಕರು ಮತ ಹಾಕಿ ಅದನ್ನು ಬೇಡವೆಂದರು. ಅಲ್ಲಿನ ನಿರ್ವಾಹಕರೊಬ್ಬರು ಅದನ್ನು ನಿಲ್ಲಿಸಲು ಸಂಕೇತ ಬರೆದರು. ಆಗಸ್ಟ್ 10ರಂದು ಫೌಂಡೇಶನ್ ಸೂಪರ್‌ಪ್ರೊಟೆಕ್ಟ್ ಎಂಬ ಹೊಸ ಬೀಗ ತಯಾರಿಸಿ, ಸಮುದಾಯವೇ ಆರಿಸಿದ ನಿರ್ವಾಹಕರೂ ಆ ಪುಟವನ್ನು ಮುಟ್ಟದಂತೆ ಹಾಕಿತು.

ಫೌಂಡೇಶನ್ನಿನ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮತ ಹಾಕಿದವರು ಕೆಲವು ನೂರು ಸಂಪಾದಕರು, ಓದುಗರು ಕೋಟಿಗಟ್ಟಲೆ, ಅವರ ಪರವಾಗಿ ಯಾರಾದರೂ ಮಾತನಾಡಬೇಕಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆ. ಓದುಗನಿಗೆ ಚಿತ್ರ ದೊಡ್ಡದಾಗಿ ಕಾಣುವುದು ಒಳ್ಳೆಯದೇ ಇರಬಹುದು. ಹಾಗಿದ್ದರೂ ಆ ಬೀಗ ತಪ್ಪು. ಮಾತನಾಡದವರ ಪರವಾಗಿ ನಾನು ಮಾತನಾಡುತ್ತೇನೆ ಎಂದು ಅಧಿಕಾರ ಇರುವವರು ಹೇಳಿದಾಗ ಅದನ್ನು ಒರೆಗೆ ಹಚ್ಚುವ ದಾರಿ ಎದುರಿನವರಿಗೆ ಇರಬೇಕು. ಸೂಪರ್‌ಪ್ರೊಟೆಕ್ಟ್ ಮುಚ್ಚಿದ್ದು ಆ ದಾರಿಯನ್ನು. ಸಂಬಳವಿಲ್ಲದೆ ವಿಶ್ವಕೋಶ ಬರೆಯುವವರಿಗೆ ಬೇಡವೆನ್ನುವ ಹಕ್ಕೂ ಇಲ್ಲವೆಂದಾದರೆ ಅವರು ಆ ತಾಣದ ಪಾಲುದಾರರಾಗಿ ಉಳಿಯುವುದಿಲ್ಲ. ನೂರಾರು ಸಂಪಾದಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. 2015ರ ನವೆಂಬರಿನಲ್ಲಿ ಫೌಂಡೇಶನ್ ಆ ಬೀಗವನ್ನು ಪೂರ್ತಿಯಾಗಿ ತೆಗೆದುಹಾಕಿತು, ಅದು ಸರಿಯಾದ ಕೆಲಸ.

ಹಾಗೆಂದು ಸಂಪಾದಕರ ಮತವೇ ಕೊನೆಯ ಮಾತು ಎಂದೂ ನಾನು ಹೇಳುತ್ತಿಲ್ಲ. ಮತ ಹಾಕುವ ಜಾಗಕ್ಕೆ ಬಂದು ತಲುಪದವರ ಲೆಕ್ಕ ಯಾವ ಮತದಾನದಲ್ಲೂ ಸಿಗುವುದಿಲ್ಲ. ಇಲ್ಲಿ ಕನ್ನಡದವರಾದ ನಾವು ಎರಡು ಸಲ ಹೊರಗೆ ಉಳಿಯುತ್ತೇವೆ. ಕನ್ನಡ ವಿಕಿಪೀಡಿಯದಲ್ಲಿ ಚರ್ಚೆಗೆಂದು ಇರುವ ಪುಟದ ಹೆಸರು ಅರಳಿ ಕಟ್ಟೆ. ತಂತ್ರಾಂಶ ಬದಲಾಗುತ್ತದೆ, ನಿಮ್ಮ ಅಭಿಪ್ರಾಯ ಹೇಳಿ ಎಂಬ ಪ್ರಕಟಣೆಗಳು ಅಲ್ಲಿಗೆ ಬರುವುದು ಬಹುಪಾಲು ಇಂಗ್ಲಿಷಿನಲ್ಲಿ, ನಿಮ್ಮ ಭಾಷೆಗೆ ಅನುವಾದಿಸಲು ನೆರವಾಗಿ ಎಂಬ ಕೋರಿಕೆಯೊಂದಿಗೆ. ಸಣ್ಣ ಸಮುದಾಯ, ಎಲ್ಲರಿಗೂ ಬೇರೆ ಉದ್ಯೋಗ, ಉತ್ತರಿಸಲು ಬಿಡುವಿಲ್ಲ. ಹೀಗೆ ಬಾರದೆ ಹೋದ ಉತ್ತರವನ್ನು ಒಪ್ಪಿಗೆ ಎಂದು ಎಣಿಸುವುದು ಸುಲಭ.

2014ರ ಜನವರಿಯಲ್ಲಿ ಅದರ ಒಂದು ರೂಪ ಕಂಡೆವು. ಓದುಗರ ಯಂತ್ರದಲ್ಲಿ ಲಿಪಿ ಇಲ್ಲದಿದ್ದರೆ ತಾಣವೇ ಫಾಂಟ್ ಕಳಿಸುವ, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಎಂಬ ಸೌಲಭ್ಯವನ್ನು ಹಲವು ವಿಕಿಗಳಲ್ಲಿ ನಿಲ್ಲಿಸಿದರು. ಫಾಂಟುಗಳಿಂದ ಪುಟಗಳು ನಿಧಾನವಾಗಿ ತೆರೆಯುತ್ತಿವೆ ಎಂದು ತಾಂತ್ರಿಕ ತಂಡ ಗಮನಿಸಿತ್ತು, ಆ ಗಮನಿಕೆ ಸರಿಯಾದದ್ದೇ. ಬೇಕಾದವರು ಲಾಗಿನ್ ಆಗಿ ಮತ್ತೆ ಹಚ್ಚಿಕೊಳ್ಳಬಹುದಿತ್ತು. ಆ ದಿನಗಳಲ್ಲಿ ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಚೌಕಗಳನ್ನು ಕಂಡು ಪುಟ ಮುಚ್ಚಿದ ಓದುಗ ದೂರು ಎಲ್ಲಿ ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು? ನಿಧಾನವಾದ ಪುಟವನ್ನು ಯಂತ್ರವೇ ಅಳೆದು ಹೇಳುತ್ತದೆ. ಓದಲಾಗದೆ ಹೋದವರನ್ನು ಹುಡುಕಿಕೊಂಡು ಹೋಗಿಯೇ ಕೇಳಬೇಕು.

ಇತ್ತೀಚಿನ ದೊಡ್ಡ ಬದಲಾವಣೆ ವೆಕ್ಟರ್ 2022 ಎಂಬ ಹೊಸ ರೂಪ. ಇದನ್ನು ತರುವಾಗ ಫೌಂಡೇಶನ್ ಹಿಂದಿನ ಏಟುಗಳಿಂದ ಕಲಿತಿತ್ತು ಎನ್ನಬೇಕು. 2020ರಿಂದ ಫ್ರೆಂಚ್ ಸೇರಿ ಕೆಲವು ವಿಕಿಗಳಲ್ಲಿ ಪ್ರಯೋಗ ಮಾಡಿ, 2023ರ ಜನವರಿ 18ರಂದು ಇಂಗ್ಲಿಷಿಗೆ ತಂದರು. ಖಾತೆ ಇದ್ದವರಿಗೆ ಹಳೆಯ ರೂಪಕ್ಕೆ ಮರಳುವ ಬಾಗಿಲು ತೆರೆದಿಟ್ಟರು. ಇಂಗ್ಲಿಷ್ ಚರ್ಚೆ ಪುಟದ ಎರಡು ಬದಿಯ ಖಾಲಿ ಜಾಗದ ಸುತ್ತ ಬಹಳ ಸುತ್ತಿತು, ಸಾಲಿನ ಅಗಲ ಹಿಗ್ಗಿಸುವ ಗುಂಡಿಯೂ ಇತ್ತು.

ನಮಗೆ ಮುಖ್ಯವಾದದ್ದು ಇನ್ನೊಂದು ಕಡೆ ಇತ್ತು. ಹಳೆಯ ರೂಪದಲ್ಲಿ ಇಂಗ್ಲಿಷ್ ಲೇಖನದ ಎಡಬದಿಗೆ ಇತರ ಭಾಷೆಗಳ ಪಟ್ಟಿ ಬರಹದಲ್ಲೇ ಕಾಣುತ್ತಿತ್ತು. ಹಂಪಿಯ ಬಗ್ಗೆಯೋ ಪ್ಲೇಗಿನ ಬಗ್ಗೆಯೋ ಇಂಗ್ಲಿಷಿನಲ್ಲಿ ಓದುತ್ತಿದ್ದ ಕನ್ನಡದ ಹುಡುಗಿಯ ಕಣ್ಣಿಗೆ ಆ ಪಟ್ಟಿಯಲ್ಲಿ 'ಕನ್ನಡ' ಎಂಬ ಮೂರಕ್ಷರ ಬೀಳುತ್ತಿತ್ತು, ಇದು ಕನ್ನಡದಲ್ಲೂ ಇದೆಯೇ ಎಂದು ಒತ್ತಿ ನೋಡುತ್ತಿದ್ದಳು. ಈಗ ಅದು ಬಲಮೇಲಿನ ಒಂದು ಗುಂಡಿಯ ಹಿಂದೆ ಹೋಗಿದೆ. ಇಷ್ಟು ಭಾಷೆಗಳು ಎಂಬ ಸಂಖ್ಯೆ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಹುಡುಕುವವರಿಗೆ ಹೊಸ ಜಾಗ ಅನುಕೂಲವೇ ಇರಬಹುದು. ಹುಡುಕುವ ಯೋಚನೆಯೇ ಇಲ್ಲದವರನ್ನು ಕರೆತರುತ್ತಿದ್ದದ್ದು ಕಣ್ಣಿಗೆ ಬೀಳುತ್ತಿದ್ದ ಆ ಹೆಸರು. ಸಣ್ಣ ಭಾಷೆಯ ವಿಕಿಗೆ ಓದುಗರು ಬರುವ ದಾರಿಗಳಲ್ಲಿ ಅದೂ ಒಂದು, ಓದುಗರಲ್ಲೇ ಮುಂದಿನ ಸಂಪಾದಕರೂ ಇರುತ್ತಾರೆ.

ಖಾಲಿ ಜಾಗದ ಬಗ್ಗೆ ಬಂದ ಆಕ್ಷೇಪಗಳ ರಾಶಿಯಲ್ಲಿ ಈ ಮಾತು ಎಷ್ಟು ತೂಗಬಲ್ಲದು? ಎಣಿಕೆಯ ತಕ್ಕಡಿಯಲ್ಲಿ ಏನೂ ತೂಗದು, ಯಾಕೆಂದರೆ ಹೀಗೆ ದಾರಿ ತಪ್ಪಿದವರಿಗೆ ದಾರಿ ಇತ್ತೆಂಬುದೇ ಗೊತ್ತಿಲ್ಲ. ಆದ್ದರಿಂದ ಮುಂದಿನ ಬದಲಾವಣೆ ಬರುವಾಗ ಅರಳಿ ಕಟ್ಟೆಗೆ ಇಂಗ್ಲಿಷ್ ಪ್ರಕಟಣೆ ಕಳಿಸಿ ಉತ್ತರಕ್ಕೆ ಕಾಯುವ ಪದ್ಧತಿ ಸಾಲದು. ಕನ್ನಡ, ತುಳು, ಕೊಂಕಣಿಯಂಥ ವಿಕಿಗಳಿಗೆ ಇಂಗ್ಲಿಷಿನಿಂದ ಎಷ್ಟು ಜನ ದಾಟಿ ಬರುತ್ತಿದ್ದರು, ಬದಲಾದ ಮೇಲೆ ಎಷ್ಟು ಜನ ಬರುತ್ತಿದ್ದಾರೆ ಎಂದು ಭಾಷೆವಾರು ಅಳೆದು, ಆ ಲೆಕ್ಕವನ್ನು ಕನ್ನಡದಲ್ಲೇ ನಮ್ಮ ಮುಂದಿಡಬೇಕು. ಇಳಿದಿದ್ದರೆ ಗುಂಡಿಯ ಪಕ್ಕದಲ್ಲಿ ಓದುಗರ ಭಾಷೆಯ ಹೆಸರನ್ನು ಮತ್ತೆ ಬರೆಯಬೇಕು.