ಟೈರಿನ '50-50': ಅಳತೆಯೋ, ಹಣೆಪಟ್ಟಿಯೋ?

ಡಾಂಬರು ರಸ್ತೆ, ಮಣ್ಣುದಾರಿ ಎರಡಕ್ಕೂ ಒಗ್ಗುವಂತೆ ತಯಾರಾದ ಬೈಕುಗಳಿಗೆ 'ಅಡ್ವೆಂಚರ್' ಬೈಕು ಎನ್ನುತ್ತಾರೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ನಮಗೆ ಪರಿಚಿತ ಉದಾಹರಣೆ. ಇಂತಹ ಬೈಕಿಗೆ ಟೈರು ಕೊಳ್ಳಹೊರಟರೆ '80-20', '50-50' ಎಂಬ ಸಂಖ್ಯೆಗಳು ಎದುರಾಗುತ್ತವೆ. ಮೊದಲ ಸಂಖ್ಯೆ ಡಾಂಬರಿಗೆ, ಎರಡನೆಯದು ಮಣ್ಣಿಗೆ ಎಂಬುದು ವಿವರಣೆ. ಸಂಖ್ಯೆ ಇದ್ದಲ್ಲಿ ಅಳತೆ ಇದೆ ಎಂದು ನಾವು ನಂಬುತ್ತೇವೆ. ಇಲ್ಲಿ ಆ ನಂಬಿಕೆ ಸರಿಯೆ?

ನೀವೇ ಯೋಚಿಸಿ. 50 ಎಂದರೆ ಸಾಗುವ ದೂರದ ಅರ್ಧವೆ, ವೇಳೆಯ ಅರ್ಧವೆ, ಹಿಡಿತದ ಅರ್ಧವೆ? ಇದನ್ನು ನಿಗದಿಪಡಿಸುವ ಸರ್ವಸಮ್ಮತ ಪರೀಕ್ಷೆಯೇ ಇಲ್ಲ. ಇದು ತಯಾರಕರ ಅಂದಾಜು. ಆದ್ದರಿಂದ ಒಂದು ಕಂಪನಿಯ 50-50 ಇನ್ನೊಂದರ 50-50ಕ್ಕೆ ಸಮವೆಂದು ಹೇಳಲಾಗದು. ಟೈರಿನ ಸ್ವರೂಪವನ್ನು ಸ್ಥೂಲವಾಗಿ ಸೂಚಿಸಲು ಈ ಪಟ್ಟಿ ಸಾಕು. ಬಾಳಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬಾಳಿಕೆ ಏಕೆ ಬದಲಾಗುತ್ತದೆ? ಮಣ್ಣಿಗೆ ಹೊಂದುವ 'ಬಟನ್' ಟೈರಿನಲ್ಲಿ ರಬ್ಬರಿನ ಗಟ್ಟಿಗಳು ಎತ್ತರವಾಗಿದ್ದು, ನಡುವಿನ ಖಾಲಿ ಜಾಗ ಹೆಚ್ಚು. ಮೃದುವಾದ ನೆಲದೊಳಗೆ ಅವು ಇಳಿದು ಹಿಡಿತ ಕೊಡುತ್ತವೆ. ಗಟ್ಟಿಯಾದ ಡಾಂಬರಿನಲ್ಲಿ ಬೈಕಿನ ಭಾರವನ್ನೆಲ್ಲ ಕೆಲವೇ ಗಟ್ಟಿಗಳು ಹೊರಬೇಕು; ಅವುಗಳ ಮೇಲಿನ ಒತ್ತಡ ಏರುತ್ತದೆ. ವೇಗ ಹೆಚ್ಚಿಸುವಾಗ, ಬ್ರೇಕು ಹಾಕುವಾಗ ಅವು ಬಾಗಿ, ಜಾರಿ, ಬಿಸಿಯಾಗಿ ಸವೆಯುತ್ತವೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಸಾಮಾನ್ಯವಾಗಿ ಆ ಟೈರೇ ಮೊದಲು ಮುಗಿಯುತ್ತದೆ. ನೋಟಕ್ಕೆ ಮರುಳಾಗಿ ಬಟನ್ ಟೈರು ಹಾಕಿಸಿ, ದಿನವೂ ಹೆದ್ದಾರಿಯಲ್ಲೇ ಓಡಾಡುವವರು ಹಣವನ್ನಷ್ಟೇ ಅಲ್ಲ, ಒದ್ದೆ ಡಾಂಬರಿನ ಮೇಲಿನ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ.

ಕಾರಿನ ಟೈರುಗಳ ಸಂಗತಿ ಬೇರೆ. ಅಮೆರಿಕದಲ್ಲಿ ಅವುಗಳ ಮೇಲೆ ಸವೆತದ ಅಂಕ ಅಚ್ಚಾಗಿರಬೇಕು. ಗೊತ್ತುಪಡಿಸಿದ ರಸ್ತೆಯಲ್ಲಿ 7,200 ಮೈಲು ಓಡಿಸಿ, ಮಾದರಿ ಟೈರಿನೊಡನೆ ಹೋಲಿಸಿ ಈ ಅಂಕ ಕೊಡುತ್ತಾರೆ. 200 ಅಂಕದ್ದು 100 ಅಂಕದ್ದಕ್ಕಿಂತ ಆ ಪರೀಕ್ಷೆಯಲ್ಲಿ ಎರಡು ಪಟ್ಟು ಬಾಳುತ್ತದೆ ಎಂದರ್ಥ. ಅಂಕ ಕೊಡುವವರು ತಯಾರಕರೇ ಆದರೂ ಅದರ ಹಿಂದೊಂದು ಪರೀಕ್ಷೆಯಿದೆ. ಬೈಕಿನ ಟೈರಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಹಾಗಾದರೆ ಬಾಳಿಕೆ ತಿಳಿಯುವುದು ಹೇಗೆ? ಶಾಲೆಯ ವರ್ನಿಯರ್ ಕ್ಯಾಲಿಪರಿನ ಆಳ ಅಳೆಯುವ ಕಡ್ಡಿ ಸಾಕು. ಹೊಸ ಹಿಂದಿನ ಟೈರಿನ ಆಳ 9 ಮಿ.ಮೀ. ಇತ್ತು, 3,000 ಕಿ.ಮೀ. ಓಡಿದ ಮೇಲೆ 6.6 ಮಿ.ಮೀ. ಆಯಿತು ಎನ್ನೋಣ. ಸವೆತದ ದರ ಸಾವಿರ ಕಿ.ಮೀ.ಗೆ 0.8 ಮಿ.ಮೀ. ಇನ್ನು 2 ಮಿ.ಮೀ.ಗೆ ಇಳಿಯಲು ಸುಮಾರು 5,750 ಕಿ.ಮೀ. ಬೇಕು. ದ್ವಿಚಕ್ರ ವಾಹನಕ್ಕೆ ನಮ್ಮ ಮೋಟಾರು ವಾಹನ ನಿಯಮಗಳು ಹೇಳುವ ಕನಿಷ್ಠ ಆಳ 0.8 ಮಿ.ಮೀ.; ಮಳೆಯಲ್ಲಿ ಓಡಾಡುವವರು ಅಲ್ಲಿಯವರೆಗೆ ಕಾಯದಿರುವುದು ಜಾಣತನ. ಗಟ್ಟಿಗಳು ಗಿಡ್ಡವಾದಂತೆ ಕಡಿಮೆ ಬಾಗುವುದರಿಂದ ದರ ಒಂದೇ ಸಮನಾಗಿರದು. ಸಾವಿರ ಕಿ.ಮೀ.ಗೊಮ್ಮೆ, ಟೈರಿನ ನಡುವಿನ ಅದೇ ಜಾಗದಲ್ಲಿ ಅಳೆಯಿರಿ. ಗಾಳಿಯ ಒತ್ತಡವನ್ನೂ ಬರೆದಿಡಿ. ತರಗತಿಯಲ್ಲಿ ನಕ್ಷೆ ಬಿಡಿಸಲು ಇದು ಒಳ್ಳೆಯ ಪಾಠ.

ತಯಾರಕರು ಟ್ರೆಡ್ಡಿನ ಆಳ, ಖಾಲಿ ಜಾಗದ ಪ್ರಮಾಣ, ರಬ್ಬರಿನ ಗಡಸುತನ ಇಷ್ಟನ್ನು ಮುದ್ರಿಸಲಿ. ಕೊಳ್ಳುವವರು ಆಗ ಹೋಲಿಸಬಲ್ಲರು. ಏಕಮಾನವಿಲ್ಲದ, ಅಳೆದ ವಿಧಾನ ತಿಳಿಸದ ಸಂಖ್ಯೆಯನ್ನು ಪ್ರಯೋಗದ ವರದಿಯಲ್ಲಿ ನೀವು ಒಪ್ಪುವುದಿಲ್ಲ. ಅಂಗಡಿಯಲ್ಲಿ ಮಾತ್ರ ಏಕೆ ಒಪ್ಪಬೇಕು?