ಜವರಾಯನ ಮುಖ: ಚಿನ್ನದ ಗಣಿಯ ಸೀಮೆಯಿಂದ ಒಂದು ಮರುಓದು

ಜನಪದ ಕಥೆ-ಹಾಡುಗಳಲ್ಲಿ ಸಾವು ವ್ಯಕ್ತಿಯಾಗಿ ಬರುತ್ತದೆ. ಅದಕ್ಕೆ ಹೆಸರಿದೆ, ನಡಿಗೆಯಿದೆ, ಕೈಯಲ್ಲಿ ಆಯುಧವಿದೆ. ಕೆಲವು ಕಥೆಗಳಲ್ಲಿ ಹೆಂಡತಿ ಮಕ್ಕಳೂ ಇದ್ದಾರೆ. ಈ ಮೂರ್ತೀಕರಣದ ನೀತಿ ಏನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಸಾವು ಅರಸನಿಗೂ ಆಳಿಗೂ ಸಮಾನ, ಆದುದರಿಂದ ಮನುಷ್ಯನು ವಿಧಿಗೆ ತಲೆಬಾಗಿ ಧರ್ಮದಿಂದ ಬಾಳಬೇಕು. ಈ ಉತ್ತರವನ್ನು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ನಿಂತು ಪರಿಶೀಲಿಸಿದರೆ ಅದು ಅರ್ಧಸತ್ಯವೆಂದು ತೋರುತ್ತದೆ. ಜನಪದ ಪ್ರತಿಭೆ ಸಾವಿಗೆ ಮುಖವನ್ನು ಕೊಡುವುದು ತಲೆಬಾಗಲೆಂದಲ್ಲ, ಎದುರು ನಿಂತು ಕೇಳಲೆಂದು. ಉತ್ತರ ಹೇಳಬೇಕಾದವರು ಮನುಷ್ಯರೇ ಆಗಿರುವ ಕಡೆ ಅದು ಸಾವಿಗೆ ಮುಖವನ್ನೇ ಕೊಡುವುದಿಲ್ಲ. ಈ ಎರಡು ಮಾತುಗಳನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಆಯ್ಕೆಗೆ ಕಾರಣವುಂಟು. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ಕನ್ನಡ, ತೆಲುಗು, ತಮಿಳು ಭಾಷೆಗಳು ಕೂಡುವ ಎಡೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಆಳದ ಗಣಿಗಾರಿಕೆಯನ್ನು ಕೈಗೊಂಡ ಮೇಲೆ ನೆರೆಯ ತಮಿಳು, ತೆಲುಗು ಜಿಲ್ಲೆಗಳಿಂದ ಕೂಲಿಕಾರರು ಬಂದು ನೆಲೆಸಿದರು. ಹೀಗೆ ಹೊಲದ ಬದುಕು ಮತ್ತು ಸುರಂಗದ ಬದುಕು ಕೆಲವೇ ಮೈಲಿಗಳ ಅಂತರದಲ್ಲಿ ನಿಂತವು. ಸಾವಿನ ಕಲ್ಪನೆ ಕಸುಬಿನೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ನೋಡಲು ಇದಕ್ಕಿಂತ ತಕ್ಕ ನೆಲ ವಿರಳ.

ಮೊದಲಿಗೆ ಜವರಾಯ. ‘ಜವ’ ಎಂಬುದು ‘ಯಮ’ದ ತದ್ಭವ. ಆದರೆ ತದ್ಭವವಾಗುವಾಗ ಪದದ ರೂಪವಷ್ಟೇ ಅಲ್ಲ, ದೇವತೆಯ ವೇಷವೂ ಬದಲಾಗಿದೆ. ಪುರಾಣದ ಯಮನು ಕೋಣವೇರಿ ಪಾಶ ಹಿಡಿದು ಬರುತ್ತಾನೆ. ನಮ್ಮ ತ್ರಿಪದಿಗಳ ಜವರಾಯ ಬೇಸಾಯಗಾರನ ಸಲಕರಣೆಗಳಾದ ಕೊಡಲಿ ಕುಡುಗೋಲುಗಳನ್ನು ಹೊತ್ತು ನಡೆದು ಬರುತ್ತಾನೆ. ಅವನ ಪಾಲಿಗೆ ಮನುಷ್ಯಲೋಕವೊಂದು ತೋಟ. ಅವನು ಮುದಿಮರವನ್ನು ಬಿಟ್ಟು ಸೊಗಸಾದ ಮರಕ್ಕೇ ಕೈಹಾಕುತ್ತಾನೆಂಬುದು ಹಾಡುವ ಹೆಣ್ಣಿನ ದೂರು. ಇಲ್ಲಿ ಸಮಾನತೆಯ ತತ್ತ್ವವೆಲ್ಲಿದೆ? ಹಾಡು ಹೇಳುತ್ತಿರುವುದು ಅದಕ್ಕೆ ತೀರ ವಿರುದ್ಧವಾದುದನ್ನು: ಜವರಾಯ ಪಕ್ಷಪಾತಿ, ಅವನಿಗೆ ಬೇಸಾಯದ ವಿವೇಕವಿಲ್ಲ. ಫಲ ಕೊಡುವ ಮರವನ್ನು ಕಡಿಯುವವನನ್ನು ಯಾವ ಒಕ್ಕಲು ಮೆಚ್ಚೀತು? ಸಾವನ್ನು ರೈತನ ವೇಷದಲ್ಲಿ ತಂದುದರಿಂದಲೇ ರೈತನ ನ್ಯಾಯದಿಂದ ಅದನ್ನು ಅಳೆಯಲು ಸಾಧ್ಯವಾಯಿತು.

ಎರಡನೆಯದು ಭಾರತದ ಹಲವು ಭಾಷೆಗಳಲ್ಲಿ ಪಾಠಾಂತರಗಳನ್ನು ಪಡೆದಿರುವ ಯಮನ ಸಂಸಾರದ ಕಥೆ. ಯಮನು ಮನುಷ್ಯರೂಪದಲ್ಲಿ ಮದುವೆಯಾಗಿ, ಹೆಂಡತಿಯ ಬಾಯಿಗೆ ಹೆದರಿ ತನ್ನ ಲೋಕಕ್ಕೆ ಓಡಿಹೋಗುತ್ತಾನೆ. ಮಗನು ವೈದ್ಯನಾಗುತ್ತಾನೆ, ರೋಗಿಯ ಬಳಿ ನಿಂತ ತಂದೆ ಅವನ ಕಣ್ಣಿಗೆ ಮಾತ್ರ ಕಾಣುತ್ತಾನೆ. ತಂದೆ ನಿಂತಲ್ಲಿ ಮದ್ದು ಫಲಿಸದು. ಒಮ್ಮೆ ರಾಜಕುಮಾರಿಯ ಹಾಸಿಗೆಯ ಬಳಿ ಯಮ ನಿಂತಾಗ ಮಗನು ಬೇಡಿಕೊಳ್ಳುತ್ತಾನೆ. ಆತ ಕರಗದಿದ್ದಾಗ, ಅಮ್ಮ ಬರುತ್ತಿದ್ದಾಳೆಂದು ಕೂಗುತ್ತಾನೆ. ಯಮ ಕಾಲಿಗೆ ಬುದ್ಧಿ ಹೇಳುತ್ತಾನೆ. ಗ್ರಿಮ್ ಸಹೋದರರ ಸಂಕಲನದಲ್ಲಿ ಇದರ ಸೋದರಕಥೆಯೊಂದಿದೆ. ಅಲ್ಲಿ ಸಾವು ವೈದ್ಯನ ಧರ್ಮಪಿತ. ವೈದ್ಯನು ಹಾಸಿಗೆಯನ್ನು ತಿರುಗಿಸಿ ಅದನ್ನು ವಂಚಿಸುತ್ತಾನೆ, ಕೊನೆಗೆ ತನ್ನ ಪ್ರಾಣದ ದೀಪವನ್ನೇ ಕಳೆದುಕೊಳ್ಳುತ್ತಾನೆ. ಅಲ್ಲಿನ ನೀತಿ ಮೇರೆ ಮೀರಬೇಡವೆಂಬುದು. ನಮ್ಮ ಕಥೆಯ ನೀತಿ ಬೇರೆ: ಸಂಸಾರ ಹೂಡಿದವನು, ಅವನು ಯಮನೇ ಆಗಲಿ, ಮನೆಯವರಿಗೆ ಉತ್ತರ ಹೇಳಲೇಬೇಕು. ಪುಣ್ಯಕೋಟಿಯ ಕಥೆಯಲ್ಲಿ ಸಾವು ಹುಲಿಯ ರೂಪದಲ್ಲಿ ಅಡ್ಡಗಟ್ಟಿ, ಕೊಟ್ಟ ಮಾತಿಗೆ ತಪ್ಪದ ಹಸುವಿನೆದುರು ತಾನೇ ಸೋಲುವುದೂ ಇದೇ ಬಗೆಯದು. ಇಲ್ಲೆಲ್ಲ ಸಾವು ನೀತಿಯ ಬೋಧಕನಲ್ಲ, ನೀತಿಯ ವಿಚಾರಣೆಗೆ ಒಳಗಾದವನು.

ಈ ಪರಂಪರೆ ಹಳೆಯದಾಗಿ ಮುಗಿದುಹೋಗಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆ ಹಬ್ಬಿತು. ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣುದೆವ್ವಕ್ಕೆ ಓಗೊಟ್ಟವರು ಸಾಯುತ್ತಾರೆಂಬುದು ನಂಬಿಕೆ. ಬರಹವನ್ನು ಓದಿ ಅದು ಹಿಂತಿರುಗಿ, ಮರುದಿನ ಮತ್ತೆ ಅದನ್ನೇ ಓದುತ್ತದೆ. ತೆಲುಗು ನಾಡಿನ ಗೋಡೆಗಳಲ್ಲೂ ಇದೇ ಅರ್ಥದ ಬರಹ ಕಾಣಿಸಿಕೊಂಡಿತ್ತು. ಸಾಲಗಾರನು ಸಾಹುಕಾರನಿಗೆ ಹೇಳುವ ಮಾತಿದು. ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಇದರಲ್ಲಿನ ಧೋರಣೆಯನ್ನು ಗಮನಿಸಬೇಕು: ಸಾವು ಕೂಡ ಅಕ್ಷರಕ್ಕೆ, ವಾಯಿದೆಗೆ ಬದ್ಧ.

ಈಗ ಇದಕ್ಕೆ ಪ್ರತಿಯಾದ ನಿದರ್ಶನ. ‘ಕೆರೆಗೆ ಹಾರ’ ಕಥನಗೀತದಲ್ಲಿ ಭಾಗೀರಥಿ ಸಾಯುತ್ತಾಳೆ. ಆದರೆ ಅಲ್ಲಿ ಜವರಾಯ ಬರುವುದಿಲ್ಲ. ಕೆರೆ ಕಟ್ಟಿಸಿದ ಗೌಡನಿದ್ದಾನೆ, ಹೊತ್ತಿಗೆ ತೆಗೆದು ನೋಡುವ ಜೋಯಿಸನಿದ್ದಾನೆ, ಕಿರಿಯ ಸೊಸೆಯನ್ನೇ ಆರಿಸುವ ಮನೆಯಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ನೀರಿಗೆ ಮುಖವಿಲ್ಲ. ಮುಖಗಳಿರುವುದು ದಡದ ಮೇಲೆ. ಕವಿಗೆ ಜವರಾಯನ ರೂಪಕ ತಿಳಿಯದೆ ಇದನ್ನು ಬಿಟ್ಟಿರಲಾರ. ಇಲ್ಲಿ ಅವನನ್ನು ಕರೆತಂದಿದ್ದರೆ ಹೊಣೆ ಅವನ ಹೆಗಲೇರಿ ಗೌಡನ ಮನೆ ನಿರ್ದೋಷಿಯಾಗುತ್ತಿತ್ತು. ಮಹಾಭಾರತದ ದ್ರೋಣಪರ್ವದ ಪ್ರಚಲಿತ ಪಾಠದಲ್ಲಿ ಬರುವ ಮೃತ್ಯುದೇವಿಯ ಉಪಾಖ್ಯಾನವೂ ಇದಕ್ಕೆ ಒತ್ತಾಸೆಯಾಗಿದೆ. ಕೊಲ್ಲಲೊಲ್ಲೆನೆಂದು ಅಳುವ ಆಕೆಗೆ ಬ್ರಹ್ಮನು ನೀಡುವ ಸಮಾಧಾನವೆಂದರೆ, ಲೋಭ ಕ್ರೋಧಾದಿಗಳೇ ಜೀವಿಗಳನ್ನು ಕೊಲ್ಲುತ್ತವೆ, ಪಾಪ ನಿನಗಿಲ್ಲ ಎಂಬುದು.

ಈ ಬೆಳಕಿನಲ್ಲಿ ಗಣಿಯನ್ನು ನೋಡಬೇಕು. ಹಳ್ಳಿಯಲ್ಲಿ ಸಾವು ಮನೆಯ ಬಾಗಿಲಿಗೆ ಬರುತ್ತದೆ. ಗಣಿಯಲ್ಲಿ ಮನುಷ್ಯನೇ ಪಾಳಿಯ ಪ್ರಕಾರ ಅದರತ್ತ ಇಳಿಯುತ್ತಾನೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಒತ್ತಡ ತಾಳದ ಬಂಡೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು. ಇನ್ನೊಂದು ಸಾವು ಸದ್ದಿಲ್ಲದ್ದು: ಬಂಡೆಯ ದೂಳು ಶ್ವಾಸಕೋಶದಲ್ಲಿ ಸೇರಿ ವರ್ಷಗಟ್ಟಲೆ ಕೊಲ್ಲುವ ಸಿಲಿಕೋಸಿಸ್. ಭಾರತದಲ್ಲಿ ಈ ರೋಗದ ಆರಂಭದ ವೈದ್ಯಕೀಯ ವರದಿಗಳಲ್ಲಿ ಕೋಲಾರ ಗಣಿಗಳನ್ನು ಕುರಿತ 1947ರ ವರದಿ ಪ್ರಮುಖವಾದುದು. ಬಂಡೆಯ ಸಿಡಿತಕ್ಕೂ ಲೆಕ್ಕಾಚಾರವಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸ್ಥಾಪನೆಯಾದುದು ಇಲ್ಲಿಯೇ. ಇವು ಹಣೆಬರಹದ ಸಾವುಗಳಲ್ಲ. ಆಳ, ದೂಳು, ಗಾಳಿಯ ವ್ಯವಸ್ಥೆ, ಕೂಲಿಯ ದರ ಇವುಗಳ ನಡುವೆ ಮನುಷ್ಯರು ಕೈಗೊಂಡ ತೀರ್ಮಾನಗಳಿಂದ ಹುಟ್ಟಿದವು.

ಗಣಿಕಾರ್ಮಿಕರ ವಸತಿಗಳಲ್ಲಿ ಮಾರಿಯಮ್ಮನ ಗುಡಿಗಳಿರುವುದನ್ನು ಈ ವಾದಕ್ಕೆ ವಿರುದ್ಧವೆಂದು ತಿಳಿಯಬೇಕಿಲ್ಲ. ಬಂಗಾರಪೇಟೆಯಿಂದ ಹೊರಡುವ ರೈಲುಮಾರ್ಗದ ಕೊನೆಯ ನಿಲ್ದಾಣ ಮಾರಿಕುಪ್ಪಂ. ಆ ಹೆಸರಿನಲ್ಲೂ ‘ಮಾರಿ’ ಕೇಳಿಸುತ್ತಾಳೆ. ಮಾರಿ ಕೊಲ್ಲುವವಳು, ಕಾಯುವವಳೂ ಹೌದು. ಕೋಲಾರಮ್ಮನ ಗುಡಿಯ ಚೇಳಮ್ಮ ಚೇಳಿನ ವಿಷದಿಂದ ಕಾಯುವಂತೆ, ಭಯದ ರೂಪವೇ ಇಲ್ಲಿ ಅಭಯದ ರೂಪ. ಆಕೆಗೆ ಹರಕೆಯುಂಟು, ಜಗಳವೂ ಉಂಟು. ತಾಯಿಯೊಡನೆ ಜಗಳವಾಡಬಲ್ಲವನನ್ನು ವಿಧಿಗೆ ಶರಣಾದವನೆಂದು ಕರೆಯುವುದು ಹೇಗೆ?

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸೈನೈಡ್ ದಿಬ್ಬಗಳು ಉಳಿದವು. ಬದುಕನ್ನರಸಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಜನ ಉಳಿದರು. ಸುರಂಗಕ್ಕಿಳಿದವರಲ್ಲಿ ಅತಿ ಕಿರಿಯರೂ ಈಗ ನಡುವಯಸ್ಸನ್ನು ಮುಟ್ಟಿದ್ದಾರೆ. ಅವರ ನೆನಪುಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತರು ದೆವ್ವದ ಕಥೆ, ದೈವದ ಕಥೆಗಳನ್ನಷ್ಟೇ ಹುಡುಕಿದರೆ ಸಾಲದು. ಜವರಾಯನಿಲ್ಲದ ನಿರೂಪಣೆಗಳನ್ನು, ಅಂದರೆ ಯಾವ ಪಾಳಿ, ಯಾವ ಮಟ್ಟ, ಯಾರು ಇಳಿಯಹೇಳಿದರು ಎಂಬ ಒಣ ವಿವರಗಳನ್ನೂ ಕಥನವೆಂದೇ ಬರೆದುಕೊಳ್ಳಬೇಕು.

ಒಟ್ಟಿನಲ್ಲಿ, ಸಾವಿನ ಮೂರ್ತೀಕರಣವು ಜನಪದರ ಕೈಯಲ್ಲಿ ಹೊಣೆಯನ್ನು ಗುರುತಿಸುವ ಸಾಧನ. ಯಾರನ್ನೂ ದೂರಲಾಗದ ಸಾವಿಗೆ ಅದು ಜವರಾಯನನ್ನು ನಿಲ್ಲಿಸಿ ದೂರುತ್ತದೆ. ದೂರಬೇಕಾದವರು ಕಣ್ಣೆದುರೇ ಇದ್ದಾಗ ಜವರಾಯನನ್ನು ದೂರವಿಡುತ್ತದೆ. ಈ ವಿವೇಕವನ್ನು ವಿಧಿವಾದವೆಂದು ಓದುವ ವಿಮರ್ಶೆ ಕಥೆಗೂ ಅನ್ಯಾಯ ಮಾಡುತ್ತದೆ, ಗಣಿಯಿಂದ ಮರಳಿ ಬಾರದವರಿಗೂ ಅನ್ಯಾಯ ಮಾಡುತ್ತದೆ.